ಸಿಲ್ಕ್ ಬೋರ್ಡ್ ಕಾಯುವ ತನಕ

ಭಾನುವಾರ ಬೆಳಿಗ್ಗೆ ಹತ್ತೂವರೆ. ಎಲೆಕ್ಟ್ರಾನಿಕ್ ಸಿಟಿಯ ಮನೆಯಲ್ಲಿ ರಾಯರು ಸೋಫಾದ ಮೇಲೆ ಅಡ್ಡಾಗಿದ್ದಾರೆ. ರಾಗಿಗುಡ್ಡದ ಬಳಿ ಅತ್ತಿಗೆಯ ಮಗನ ನಿಶ್ಚಿತಾರ್ಥ.

"ಏಳಲ್ವಾ?" ಹೆಂಡತಿ ಕೇಳಿದರು.

"ಟ್ರಾಫಿಕ್ ಕಣೇ. ಸಿಲ್ಕ್ ಬೋರ್ಡ್ ದಾಟೋದ್ರೊಳಗೆ ಎಲೆ ಎತ್ತಿರ್ತಾರೆ."

"2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಸಿಲ್ಕ್ ಬೋರ್ಡಿನ ತಲೆ ಮೇಲೇ ಓಡ್ತಿದೆ. ರಾಗಿಗುಡ್ಡದಲ್ಲೇ ಸ್ಟೇಷನ್ನು."

ರಾಯರ ಮುಖ ಬಾಡಿತು. ಆ ಜಂಕ್ಷನ್ ಎಷ್ಟು ಮುಂಜಿ, ಮದುವೆ, ತಿಥಿಗಳಿಂದ ಬೆಂಗಳೂರಿಗರನ್ನು ಪಾರು ಮಾಡಿತ್ತು! ಮೆಟ್ರೊ ತರುವ ಮುನ್ನ ಸೋಮಾರಿಗಳನ್ನು ಒಂದು ಮಾತು ಕೇಳಬಾರದಿತ್ತೇ?

"ಇಪ್ಪತ್ತೈದು ನಿಮಿಷಕ್ಕೊಂದು ರೈಲಂತೆ..."

"ಅದು ಮೂರೇ ರೈಲಿದ್ದ ಕಾಲದ ಮಾತು."

"ಸ್ಟೇಷನ್ ತನಕ ನಡೀಬೇಕಲ್ಲ?"

"ಹತ್ತು ಸಾವಿರ ಹೆಜ್ಜೆ ಎಣಿಸೋಕೇ ಅಲ್ವಾ ಆ ವಾಚು ತಗೊಂಡಿದ್ದು?"

"ಅದು ಚಾರ್ಜಿಗಿದೆ. ನೋಡು, ಗ್ರೂಪಲ್ಲಿ ಕೈಮುಗಿಯೋ ಎಮೋಜಿ, ಎರಡು ಗುಲಾಬಿ ಹಾಕಿದ್ದೀನಿ. ಸಂಬಂಧ ಅಂದ ಮೇಲೆ ಅಷ್ಟಾದ್ರೂ ಮಾಡಬೇಕು."

ಅಷ್ಟರಲ್ಲಿ ಫೋನ್ ರಿಂಗಾಯಿತು.

"ಅತ್ತಿಗೆ! ಏನು ಹೇಳಲಿ?"

"ಹೊರಟು ಅರ್ಧ ಗಂಟೆ ಆಯ್ತು ಅನ್ನು. ಹಾಗೇ ಟಿವಿ ಸೌಂಡ್ ಕಮ್ಮಿ ಮಾಡು."

ಆಕೆ ಮಾತಾಡಿ ಫೋನಿಟ್ಟರು.

"ನಿಧಾನಕ್ಕೆ ಬನ್ನಿ ಅಂದ್ರು. ಪುರೋಹಿತರೇ ಇನ್ನೂ ಬಂದಿಲ್ಲವಂತೆ, ಸಿಲ್ಕ್ ಬೋರ್ಡಲ್ಲಿ ಸಿಕ್ಕಿಹಾಕ್ಕೊಂಡಿದ್ದಾರಂತೆ."

ರಾಯರು ಎದ್ದು ಕೂತರು. "ಪಾಪ! ಎಲ್ಲಿಂದ ಬರ್ಬೇಕು ಅವರು?"

"ರಾಗಿಗುಡ್ಡದಿಂದ."