ಪಾತ್ರೆ ಯಾವುದಾದರೇನು, ಬೆಳ್ಳಿಯಲ್ಲವೇ!

ಬೆಳ್ಳಿಗೆ ಮೈಲಿಗೆಯಿಲ್ಲ, ತೊಳೆದರೆ ಮಡಿ ಎನ್ನುತ್ತಾರೆ ನಮ್ಮ ಮನೆಗಳ ಹಿರಿಯರು. ಈ ಮಾತನ್ನು ಇನ್ನೂರು ವರ್ಷಗಳಿಂದ ಚಾಚೂ ತಪ್ಪದೆ ನಡೆಸಿಕೊಂಡು ಬಂದವರು ಯಾವ ಅಗ್ರಹಾರದವರೂ ಅಲ್ಲ, ಬ್ರಿಟಿಷ್ ಸೈನ್ಯದ ಒಂದು ಕುದುರೆಪಡೆಯವರು.

1813ರ ಜೂನ್ 21. ಸ್ಪೇನಿನ ವಿಟೋರಿಯಾ. ನೆಪೋಲಿಯನ್ನನ ಅಣ್ಣ ಜೋಸೆಫ್ ಅಲ್ಲಿ ದೊರೆ. ಅವನನ್ನು ಸೋಲಿಸಿದ್ದು ವೆಲಿಂಗ್ಟನ್. ನಮಗೇನೂ ಹೊಸಬನಲ್ಲ, ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿಗೆ ಕೂತಿದ್ದ ಆರ್ಥರ್ ವೆಲ್ಲೆಸ್ಲಿಯೇ. ಸೋತ ದೊರೆ ಸಾರೋಟಿನಿಂದ ಇಳಿದು ಕುದುರೆ ಹತ್ತಿ ಪರಾರಿ. ಸಾರೋಟು ಹದಿನಾಲ್ಕನೇ ಲೈಟ್ ಡ್ರಗೂನ್ಸ್ ಪಡೆಯವರ ಕೈಗೆ ಬಿತ್ತು. ಒಳಗೆ ಸಿಕ್ಕಿದ್ದರಲ್ಲಿ ಅವರು ಜೋಪಾನವಾಗಿ ಇಟ್ಟುಕೊಂಡದ್ದು ಯಾವುದು ಅಂತೀರಿ? ದೊರೆಯ ಬೆಳ್ಳಿಯ ಉಚ್ಚೆಪಾತ್ರೆ. ಅದಕ್ಕೆ ‘ಚಕ್ರವರ್ತಿ’ ಎಂದು ಹೆಸರಿಟ್ಟರು. ಮೆಸ್ಸಿನ ಔತಣದ ರಾತ್ರಿ ಅದರ ತುಂಬ ಷಾಂಪೇನ್ ಸುರಿದು, ಕೈಯಿಂದ ಕೈಗೆ ದಾಟಿಸಿಕೊಂಡು ಕುಡಿಯುವುದನ್ನು ಸಂಪ್ರದಾಯ ಮಾಡಿಕೊಂಡರು. ಪಡೆಗೆ ‘ಚಕ್ರವರ್ತಿಯ ಕೋಣೆಯ ಕೆಲಸದಾಳುಗಳು’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಆ ಪಡೆಯ ಇಂದಿನ ವಾರಸುದಾರರಾದ ಕಿಂಗ್ಸ್ ರಾಯಲ್ ಹುಸಾರ್ಸ್ ಬಳಿ ಪಾತ್ರೆ ಈಗಲೂ ಇದೆ. ನಮ್ಮ ಅಜ್ಜಿ ಇದನ್ನು ಕೇಳಿದ್ದರೆ ಬೆಳ್ಳಿಯ ಮಡಿಯ ಬಗ್ಗೆ ತಮ್ಮ ಅಭಿಪ್ರಾಯವನ್ನು ಅವತ್ತೇ ತಿದ್ದಿಕೊಳ್ಳುತ್ತಿದ್ದರು.

ಈ ಕತೆಯನ್ನು ನನಗೆ ಊಟದ ಮಧ್ಯೆ, ಅದೂ ಮಜ್ಜಿಗೆ ಹುಳಿ ಬಡಿಸುವಾಗ, ಹೇಳಿದವರು ನಮ್ಮ ಭಾವ. ಬ್ರಿಟಿಷ್ ಪಡೆಗಳು ಹೊರದೇಶದ ಠಾಣ್ಯಗಳಲ್ಲಿ ಗೆದ್ದ ಬೆಳ್ಳಿ ಕಪ್ಪುಗಳನ್ನು ಕೂಡಿಹಾಕುವ ಹುಚ್ಚು ಅವರಿಗೆ. ಯುದ್ಧದ ಕಪ್ಪು ಅಂದುಕೊಂಡು ನೋಡಹೋದರೆ ಕೆಡುತ್ತೀರಿ. ಅವರ ಷೋಕೇಸಿನಲ್ಲಿ ಯುದ್ಧವೇ ಇಲ್ಲ. ಹಾಕಿ, ಪೋಲೊ, ಗುರಿ ಹೊಡೆಯುವುದು, ಭರ್ಜಿಯಿಂದ ಗೂಟ ಕೀಳುವುದು. ಅವರು ಕಣ್ಣಿಗೊತ್ತಿಕೊಳ್ಳುವ ಕಪ್ಪಿನ ಮೇಲಿರುವುದು ‘ಹಗ್ಗಜಗ್ಗಾಟ, ಎರಡನೇ ಸ್ಥಾನ’.

“ಸೋತವರ ಕಪ್ಪಿಗೆ ಇಷ್ಟೊಂದು ದುಡ್ಡು ಕೊಟ್ಟಿರಾ ಭಾವ?” ಅಂದೆ.

“ಗೆದ್ದವರದ್ದು ಎಲ್ಲಾ ಕಡೆ ಸಿಗುತ್ತೆ ಕಣಯ್ಯ,” ಅಂದರು.

ಸಾಮ್ರಾಜ್ಯ ಅಂದರೆ ಸದಾ ತುತ್ತೂರಿ, ತೋಪು, ಹೊಗೆ ಅಂತ ನಾವು ಪಠ್ಯಪುಸ್ತಕದಲ್ಲಿ ಓದಿದೆವು. ಬೆಳ್ಳಿ ಬೇರೆಯೇ ಹೇಳುತ್ತದೆ. ಬಿಸಿಲೂರಿನ ಕಂಟೋನ್ಮೆಂಟಿನಲ್ಲಿ ಬೆಳಗಿನ ಕವಾಯತು ಮುಗಿದರೆ ಮಿಕ್ಕ ದಿನ ಪೂರ್ತಿ ಆಕಳಿಕೆ. ಆ ಆಕಳಿಕೆ ಗಟ್ಟಿಯಾಗಿ, ಎರಡು ಹಿಡಿಕೆ ಹಚ್ಚಿಕೊಂಡು, ಕರಿ ಮರದ ಪೀಠದ ಮೇಲೆ ಕೂತದ್ದೇ ಈ ಕಪ್ಪುಗಳು. ನನ್ನ ಮಾತು ನಂಬದಿದ್ದರೆ ಚರ್ಚಿಲ್‌ನನ್ನೇ ನೋಡಿ. 1896ರಲ್ಲಿ ನಾಲ್ಕನೇ ಹುಸಾರ್ಸ್ ಜೊತೆ ಬೆಂಗಳೂರಿಗೆ ಬಂದ. ದಡ ಹತ್ತುವ ಮೊದಲೇ ಬೊಂಬಾಯಿಯ ಸಸೂನ್ ಡಾಕಿನಲ್ಲಿ ಕಬ್ಬಿಣದ ಬಳೆ ಹಿಡಿಯಹೋಗಿ ಭುಜ ಉಳುಕಿಸಿಕೊಂಡಿದ್ದ. ಇಲ್ಲಿ ಅವನ ಮುಖ್ಯ ಉದ್ಯೋಗ ಪೋಲೊ, ಬಿಡುವಿನಲ್ಲಿ ಓದು, ಗುಲಾಬಿ, ಚಿಟ್ಟೆ. ಬಂದ ಕೆಲವೇ ವಾರಗಳಲ್ಲಿ ಅವನ ಪಡೆ ಹೈದರಾಬಾದಿಗೆ ಹೋಗಿ ಗೋಲ್ಕೊಂಡ ಕಪ್ ಎತ್ತಿಕೊಂಡು ಬಂತು. 1899ರಲ್ಲಿ ಮೀರತ್‌ನ ಅಂತರ್‌ಪಡೆ ಪಂದ್ಯಾವಳಿಯಲ್ಲಿ ತೋಳನ್ನು ಮೈಗೆ ಬಿಗಿದು ಕಟ್ಟಿಕೊಂಡು ಆಡಿ ಗೆದ್ದ. ಅದೇ ವರ್ಷದ ಬೆಂಗಳೂರು ಕ್ಲಬ್ಬಿನ ದಾಖಲೆಯಲ್ಲಿ, ವಸೂಲಾಗದ ಬಾಕಿಯ ಪಟ್ಟಿಯಲ್ಲಿ, ಅವನ ಹೆಸರಿನ ಮುಂದೆ 13 ರೂಪಾಯಿ. ಕಪ್ಪು ತಂದವನಿಗೆ ಬಿಲ್ಲು ಯಾಕೆ ಅಂದುಕೊಂಡಿರಬೇಕು.

ಇಂಥ ಗಿರಾಕಿಗಳಿದ್ದರೆ ಅಂಗಡಿಗಳಿಗೇನು ಬರ! ಕಲ್ಕತ್ತೆಯಲ್ಲಿ ಹ್ಯಾಮಿಲ್ಟನ್, ಮದರಾಸಿನಲ್ಲಿ ಪಿ. ಓರ್ ಅಂಡ್ ಸನ್ಸ್, ನಮ್ಮ ಊರಿನ ಸೌತ್ ಪರೇಡಿನಲ್ಲಿ, ಅಂದರೆ ಇವತ್ತಿನ ಎಂ.ಜಿ. ರಸ್ತೆಯಲ್ಲಿ, ಬಾರ್ಟನ್. ಬಾರ್ಟನ್ ಸೆಂಟರಿಗೆ ಹೋಗಿಬಂದವರಿಗೆ ಆ ಹೆಸರಿನ ಹಿಂದೆ ಬೆಳ್ಳಿ ಅಂಗಡಿಯಿದೆ ಅಂತ ಗೊತ್ತಿರುವುದಿಲ್ಲ. ಭಾವನಿಗೆ ಗೊತ್ತು. ಆ ಕಟ್ಟಡದ ಮುಂದೆ ಅವರು ಚಪ್ಪಲಿ ಬಿಡುವುದೊಂದು ಬಾಕಿ.

ಕಪ್ಪು ಸಿಕ್ಕಿದರೆ ಭಾವ ಮೊದಲು ಓದುವುದು ಅಕ್ಷರವನ್ನಲ್ಲ, ಅಡಿಯನ್ನು. ಇಂಗ್ಲೆಂಡಿನಲ್ಲಿ ಮಾಡಿದ್ದಾದರೆ ನಡೆಯುವ ಸಿಂಹದ ಮುದ್ರೆ ಇರಬೇಕು: ಸಾವಿರದಲ್ಲಿ 925 ಪಾಲು ಬೆಳ್ಳಿ. ಪಕ್ಕದಲ್ಲಿ ಲಂಗರಿದ್ದರೆ ಅದು ಬರ್ಮಿಂಗ್‌ಹ್ಯಾಮ್. ಸಮುದ್ರದ ಗಾಳಿಯೇ ಸೋಕದ ಊರಿಗೆ ಲಂಗರು ಹೇಗೆ ಬಂತು? ಪರೀಕ್ಷಾ ಕಚೇರಿ ಬೇಕೆಂದು ಬರ್ಮಿಂಗ್‌ಹ್ಯಾಮ್, ಷೆಫೀಲ್ಡ್ ಊರಿನವರು ಲಂಡನ್ನಿಗೆ ಹೋಗಿ ‘ಕ್ರೌನ್ ಅಂಡ್ ಆಂಕರ್’ ಎಂಬ ಹೆಂಡದಂಗಡಿಯಲ್ಲಿ ಸೇರುತ್ತಿದ್ದರಂತೆ. 1773ರಲ್ಲಿ ಅನುಮತಿ ಸಿಕ್ಕಾಗ ಕಿರೀಟ ಷೆಫೀಲ್ಡಿಗೆ, ಲಂಗರು ಬರ್ಮಿಂಗ್‌ಹ್ಯಾಮಿಗೆ ಎಂದು ಬೋರ್ಡನ್ನೇ ಹಂಚಿಕೊಂಡರಂತೆ. ಕತೆ ನಿಜವೋ ಸುಳ್ಳೋ, ಬಿಡಲು ಮನಸ್ಸಾಗುವುದಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಇಂಥ ಸರ್ಕಾರಿ ಮುದ್ರೆಯಿರಲಿಲ್ಲ, ಅಂಗಡಿಯವನ ಹೆಸರೇ ಜಾಮೀನು. ಇನ್ನು ಇ.ಪಿ.ಎನ್.ಎಸ್. ಅಂತ ನಾಲ್ಕು ಅಕ್ಷರ ಕಂಡರೆ ಅದು ತಾಮ್ರ, ಸತು, ನಿಕಲ್ ಬೆರಕೆಯ ಮೇಲೆ ಬೆಳ್ಳಿಯ ತೆಳು ಲೇಪ. ಆಗ ಭಾವನ ಮುಖ ನೋಡಬಾರದು.

ಆಮೇಲೆ ಕಪ್ಪಿನ ಹೊಟ್ಟೆಗೆ ಬಾಯಿ ಹತ್ತಿರ ತಂದು ಹಾ ಎಂದು ಉಸಿರು ಬಿಡುತ್ತಾರೆ. ನೋಡುವವರಿಗೆ ದೃಷ್ಟಿ ತೆಗೆದ ಹಾಗೆ. ಹಳೆಯ ಬರಹವನ್ನು ಯಾರಾದರೂ ಉಜ್ಜಿ ಅಳಿಸಿದ್ದರೆ, ಬೆಸುಗೆ ಹಾಕಿ ಮುಚ್ಚಿದ್ದರೆ, ಆ ಮಂಜಿನಲ್ಲಿ ಗುಟ್ಟು ಬಯಲಾಗುತ್ತದೆ. ಹೆಬ್ಬೆರಳಿಗೆ ಅಲ್ಲಿ ತಗಡು ತೆಳ್ಳಗೆ ಸಿಗುತ್ತದೆ. ಈ ತಪಾಸಣೆಯ ದೊಡ್ಡ ಶತ್ರು ನಮ್ಮ ಅಕ್ಕ. ದೀಪಾವಳಿ ಬಂತೆಂದರೆ ದೀಪದ ಕಂಬ, ಪಂಚಪಾತ್ರೆಗಳ ಸಾಲಿನಲ್ಲಿ ಹಗ್ಗಜಗ್ಗಾಟದವರನ್ನೂ ಕೂರಿಸಿ ವಿಭೂತಿ ಹಚ್ಚಿ ತಿಕ್ಕುತ್ತಾಳೆ. ಗಾಳಿಯ ಗಂಧಕ ತಾಗಿ ಬೆಳ್ಳಿ ಕಪ್ಪಾಗುವುದು ಸಹಜ, ಗೆರೆಗಳ ಸಂದಿನಲ್ಲಿ ಆ ಕಪ್ಪು ನಿಂತರೇ ಅಕ್ಷರಕ್ಕೆ ಜೀವ ಎಂದು ಭಾವ ಗೋಗರೆಯುತ್ತಾರೆ. “ಕೊಳೆಗೂ ಒಂದು ಶಾಸ್ತ್ರ!” ಎನ್ನುತ್ತಾಳೆ ಅಕ್ಕ. ತೂಕದ ಲೆಕ್ಕದ ಅವೆನ್ಯೂ ರಸ್ತೆಯ ಅಂಗಡಿಯವರದ್ದೂ ಅವಳ ಪಕ್ಷವೇ. ಮರದ ಪೀಠ ಕಳಚಿ, ಕರಗಿಸಿದರೆ ಎಷ್ಟು ಎಂದು ಕೇಳುವವರು ಅವರು.

ಕರಗಿಸುವುದನ್ನು ತೀರಾ ಹೀಯಾಳಿಸುವಂತೆಯೂ ಇಲ್ಲ. 1873ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ರಗ್ಬಿ ಕ್ಲಬ್ಬಿಗೆ ಬಫ್ಸ್ ಪಡೆಯ ಸೈನಿಕರೇ ಬೆನ್ನೆಲುಬು, ಪುಕ್ಕಟೆ ಮದ್ಯವೇ ಉಸಿರು. ಪಡೆ ಊರು ಬಿಟ್ಟಿತು, ಪುಕ್ಕಟೆ ನಿಂತಿತು, ಆಟಗಾರರ ಕ್ರೀಡಾಪ್ರೇಮವೂ ನಿಂತಿತು. ಉಳಿದವರು ಬ್ಯಾಂಕಿನ ದುಡ್ಡನ್ನೆಲ್ಲ ಬೆಳ್ಳಿ ರೂಪಾಯಿಗಳಲ್ಲೇ ತೆಗೆದು ಕರಗಿಸಿ, ನಾಗರಹಾವಿನ ಹಿಡಿಕೆ, ಮುಚ್ಚಳದ ಮೇಲೆ ಆನೆ ಇಟ್ಟು ಒಂದು ಕಪ್ಪು ಮಾಡಿಸಿ, 1878ರಲ್ಲಿ ಇಂಗ್ಲೆಂಡಿನ ರಗ್ಬಿ ಯೂನಿಯನ್ನಿಗೆ ಕೊಟ್ಟರು. ಇಂಗ್ಲೆಂಡೂ ಸ್ಕಾಟ್ಲೆಂಡೂ ಇವತ್ತಿಗೂ ಅದಕ್ಕಾಗಿ ಕಚ್ಚಾಡುತ್ತವೆ. 1988ರಲ್ಲಿ ಪಂದ್ಯ ಮುಗಿದ ರಾತ್ರಿ ಎರಡೂ ತಂಡದ ಒಬ್ಬೊಬ್ಬ ಆಟಗಾರ ಕೂಡಿಕೊಂಡು ಎಡಿನ್‌ಬರೋ ಬೀದಿಯಲ್ಲಿ ಅದನ್ನೇ ಚೆಂಡು ಮಾಡಿ ಒದ್ದು ನಜ್ಜುಗುಜ್ಜು ಮಾಡಿದರು.

ಭಾವ ಈ ಪ್ರಸಂಗ ಹೇಳುವಾಗ ನಿಟ್ಟುಸಿರು ಬಿಡುತ್ತಾರೆ. ನಾನು ಕನಿಕರದಿಂದ, “ಪಾಪ, ಎಂಥ ಕಪ್ಪು ಹಾಳಾಯಿತು” ಅಂದೆ.

“ಅದಕ್ಕಲ್ಲ ಕಣಯ್ಯ. ರಿಪೇರಿ ಮಾಡಿಬಿಟ್ಟರಲ್ಲ! ಆ ತಗ್ಗುಗಳನ್ನ ಹಾಗೇ ಬಿಟ್ಟಿದ್ದರೆ ಬೆಲೆ ಎಲ್ಲಿಗೆ ಹೋಗ್ತಿತ್ತು ಗೊತ್ತಾ?”