ಸಾರಥಿಯ ನಿವೃತ್ತಿಯೋಗ

ಹಣ ಕೊಟ್ಟು ಪದಾರ್ಥಕ್ಕಾಗಿ ಕಾಯುವವರಲ್ಲಿ ಎರಡು ವರ್ಗಗಳುಂಟು. ಕೊಂಡ ಪದಾರ್ಥ ಇನ್ನೂ ಮನೆಗೆ ಬಂದಿಲ್ಲವೆಂದು ಕಾಯುವವರು ಒಂದು ವರ್ಗ. ಪದಾರ್ಥವು ಅಂಗಳದಲ್ಲಿ ಬಂದು ನಿಂತಿದ್ದರೂ ಅದರ ಗುಣ ಮಾತ್ರ ಸಮುದ್ರದಾಚೆಯೇ ಉಳಿದುಬಿಟ್ಟಿದೆಯೆಂದು ಕಾಯುವವರು ಇನ್ನೊಂದು. ಎರಡನೆಯದು ನಮ್ಮ ಕಾಲದ ಸೃಷ್ಟಿ. ಪೂರ್ವಿಕರಿಗೆ ಆ ಭಾಗ್ಯವಿರಲಿಲ್ಲ. ನೆದರ್‌ಲೆಂಡ್ಸಿನ ಐಂಡ್‌ಹೋವನ್ ಪಟ್ಟಣದಲ್ಲಿ ಇಂಜಿನಿಯರಾಗಿರುವ ನನ್ನ ಅಳಿಯಂದಿರು ಆ ವರ್ಗದ ಅತ್ಯಂತ ಶ್ರದ್ಧಾವಂತ ಸದಸ್ಯರಾಗಿದ್ದರು.

ಅವರು ಅಮೆರಿಕದ ಕಂಪನಿಯೊಂದರ ವಿದ್ಯುತ್ ಕಾರನ್ನು ಕೊಂಡಾಗ, ಅದು ತಾನೇ ತಾನಾಗಿ ಓಡುವ ವಿದ್ಯೆಗೂ ಸೇರಿಸಿ ಬೆಲೆ ತೆತ್ತಿದ್ದರು. ಕ್ಯಾಮೆರಾಗಳು ಬಂದವು, ಕಂಪ್ಯೂಟರ್ ಬಂದಿತು, ರಸೀದಿಯೂ ಬಂದಿತು, ವಿದ್ಯೆಯೊಂದು ಬರಲಿಲ್ಲ. ಕ್ಯಾಲಿಫೋರ್ನಿಯದಲ್ಲಿರುವ ಅವರ ತಮ್ಮನ ಕಾರು, ಇದರದೇ ಒಡಹುಟ್ಟು, ಅವನನ್ನು ಕೂರಿಸಿಕೊಂಡು ತಾನೇ ಆಫೀಸಿಗೆ ಹೋಗುವ ವಿಡಿಯೋಗಳನ್ನು ಅವನು ಭ್ರಾತೃವಾತ್ಸಲ್ಯದಿಂದ ಆಗಾಗ್ಗೆ ಕಳುಹಿಸುತ್ತಾನೆ. ಯೂರೋಪಿಗೆ ಯಾವಾಗ ಎಂದು ಕೇಳಿದಾಗಲೆಲ್ಲ ಕಂಪನಿಯವರು ‘ಶೀಘ್ರದಲ್ಲಿ’ ಎನ್ನುತ್ತಿದ್ದರು. ನಾನು ಆ ಮನೆಯಲ್ಲಿ ಅತಿಥಿಯಾಗಿದ್ದಷ್ಟು ಕಾಲವೂ ಊಟದ ಮೇಜಿನ ಮೇಲೆ ಈ ವಿಷಯವು ಸಾರಿನೊಡನೆ ಬಂದು ಮಜ್ಜಿಗೆಯವರೆಗೂ ಇರುತ್ತಿತ್ತು.

ವಿಚಾರಿಸಿ ನೋಡಿದರೆ, ತಡವಾದುದು ವಿದ್ಯೆಯ ಅಭಾವದಿಂದಲ್ಲ. ಮ್ಯೂನಿಕ್ ನಗರದಲ್ಲಿ ಎರ್ನ್ಸ್ಟ್ ಡಿಕ್‌ಮನ್ಸ್ ಎಂಬ ಪ್ರಾಧ್ಯಾಪಕರು ಸಿದ್ಧಪಡಿಸಿದ ಮರ್ಸಿಡಿಸ್ ಕಾರೊಂದು 1995ರಲ್ಲಿಯೇ, ಬಹುಮಟ್ಟಿಗೆ ತನ್ನ ಕ್ಯಾಮೆರಾಗಳ ಕಣ್ಣಿನಿಂದಲೇ ದಾರಿಯನ್ನು ನೋಡಿಕೊಂಡು, ಕೆಲವೆಡೆ ಗಂಟೆಗೆ 175 ಕಿಲೋಮೀಟರನ್ನೂ ಮೀರಿದ ವೇಗದಲ್ಲಿ, ಡೆನ್ಮಾರ್ಕಿನವರೆಗೆ ಹೋಗಿ ಹಿಂದಿರುಗಿತ್ತು. ದೇಶದ ಗಡಿಯನ್ನು ದಾಟುವುದು ಕಾರಿಗೆ ಅಂದೇ ಸಾಧ್ಯವಾಗಿತ್ತು. ದಾಟಲಾರದೆ ನಿಂತದ್ದು ಅನುಮತಿ.

ಅನುಮತಿಗೇಕೆ ಇಷ್ಟು ಸಂಕೋಚವೆಂದು ಶೋಧಿಸುತ್ತ ಹೋದ ನನಗೆ, 1968ರಲ್ಲಿ ವಿಯೆನ್ನಾದಲ್ಲಿ ಆದ ರಸ್ತೆಸಂಚಾರದ ಒಪ್ಪಂದವೊಂದು ದೊರೆಯಿತು. ಅದರ ಎಂಟನೆಯ ವಿಧಿಯ ತಾತ್ಪರ್ಯವೆಂದರೆ, ಚಲಿಸುವ ವಾಹನಕ್ಕೆಲ್ಲ ಚಾಲಕನೊಬ್ಬನಿರತಕ್ಕದ್ದು, ಅವನು ತನ್ನ ವಾಹನವನ್ನಾಗಲಿ ತನ್ನ ಪಶುಗಳನ್ನಾಗಲಿ ಸದಾ ಹತೋಟಿಯಲ್ಲಿಟ್ಟುಕೊಂಡಿರತಕ್ಕದ್ದು. ಮನುಷ್ಯನು ಚಂದ್ರನ ಮೇಲೆ ಕಾಲಿಡುವುದಕ್ಕೆ ಒಂದು ವರ್ಷವೂ ಉಳಿದಿರದ ಕಾಲದಲ್ಲಿ, ರಾಷ್ಟ್ರಗಳ ಪ್ರತಿನಿಧಿಗಳು ಎತ್ತು ಕುದುರೆಗಳನ್ನು ಮರೆಯದೆ ನೆನೆದುದನ್ನು ಕಂಡು ನನಗೆ ಪರಮಸಂತೋಷವಾಯಿತು. ನಮ್ಮ ಕಡೆ ಸಂತೆಯಿಂದ ಹಿಂದಿರುಗುವ ಗಾಡಿಯವನು ಹುಲ್ಲಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದರೂ, ಎತ್ತುಗಳು ಅವನನ್ನು ಮನೆಯ ಬಾಗಿಲಿಗೆ ಮುಟ್ಟಿಸುತ್ತಿದ್ದವು. ಆದರೆ ದಾರಿಯಲ್ಲಿ ಅವು ಯಾರದೋ ರಾಗಿಯ ಪೈರಿಗೆ ಬಾಯಿ ಹಾಕಿದರೆ, ಹೊಲದವನು ಬೈಯುತ್ತಿದ್ದುದು ಎತ್ತುಗಳನ್ನಲ್ಲ. ದೊಡ್ಡಿಗೆ ಹೊಡೆಸಿದರೂ ದುಡ್ಡು ತೆತ್ತು ಬಿಡಿಸಿಕೊಂಡು ಬರಬೇಕಾಗಿದ್ದವನು ಮಲಗಿದ್ದ ಆ ಪುಣ್ಯಾತ್ಮನೇ. ವಿಯೆನ್ನಾದ ಪಂಡಿತರು ಚಾಲಕನನ್ನು ಹುಡುಕಿದುದು ವಾಹನ ನಡೆಸುವುದಕ್ಕಾಗಿ ಮಾತ್ರವಲ್ಲ, ಬೈಸಿಕೊಳ್ಳುವುದಕ್ಕಾಗಿಯೂ ಹೌದು ಎಂಬುದು ನನಗೆ ಆಗ ಹೊಳೆಯಿತು.

ಈ ಸೂತ್ರಕ್ಕೆ ಭಾಷ್ಯ ಬರೆಯುವವರು ಜಿನೀವಾದಲ್ಲಿದ್ದಾರೆ. ಅಲ್ಲಿರುವ ವಿಶ್ವಸಂಸ್ಥೆಯ ಯೂರೋಪು ಆರ್ಥಿಕ ಆಯೋಗದ 79ನೆಯ ನಿಯಮವು, ಕಾರು ಸ್ಟಿಯರಿಂಗನ್ನು ಎಷ್ಟರಮಟ್ಟಿಗೆ ತಾನೇ ತಿರುಗಿಸಬಹುದೆಂಬುದನ್ನು ಧರ್ಮಶಾಸ್ತ್ರದ ಸೂಕ್ಷ್ಮತೆಯಿಂದ ವಿಧಿಸುತ್ತದೆ. ಚಾಲಕನು ಸೂಚನೆ ಕೊಟ್ಟಮೇಲೆ, ಪಕ್ಕದ ಸಾಲಿಗೆ ಸರಿಯಲು ಕಾರು 3ರಿಂದ 5 ಸೆಕೆಂಡುಗಳೊಳಗೆ ಆರಂಭಿಸತಕ್ಕದ್ದು. ಮುಂಚೆಯಾದರೆ ಅವಿವೇಕ, ತಡವಾದರೆ ಆಲಸ್ಯ. ಚಾಲಕನ ಕೈ ಸ್ಟಿಯರಿಂಗನ್ನು ಬಿಟ್ಟು 15 ಸೆಕೆಂಡುಗಳಾಗುವಷ್ಟರಲ್ಲಿ ಕಾರು ಅವನನ್ನು ಎಚ್ಚರಿಸತಕ್ಕದ್ದು. ಫೋನಿನ ಮೂಲಕ ಕಾರನ್ನು ನಡೆಸಿ ನಿಲ್ಲಿಸುವವನು ಅದರಿಂದ 6 ಮೀಟರಿಗಿಂತ ದೂರದಲ್ಲಿ ಇರತಕ್ಕದ್ದಲ್ಲ.

ಈ ಕೊನೆಯ ವಿಧಿಯ ಪ್ರಭಾವವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಗಡಿಯಿಂದ ಹೊರಬಂದಾಗ ಮಳೆ ಸುರಿಯುತ್ತಿತ್ತು. “ನೀವು ನೆನೆಯಬೇಡಿ ಮಾವ, ಕಾರನ್ನು ಇಲ್ಲಿಗೇ ಕರೆಸುತ್ತೇನೆ” ಎಂದು ಅಳಿಯಂದಿರು ಫೋನನ್ನು ಹಿಡಿದು ಮಳೆಯಲ್ಲಿ ನಡೆದು, ಕಾರಿನ ಸಮೀಪಕ್ಕೆ ಹೋಗಿ, ಅಲ್ಲಿ ನಿಂತು ಅದನ್ನು ಕರೆಯತೊಡಗಿದರು.

“ರೀ, ಅಷ್ಟು ದೂರ ಹೋದವರು ಬಾಗಿಲು ತೆಗೆದು ಕೂತುಕೊಳ್ಳಬಾರದೆ?” ಎಂದು ನನ್ನ ಮಗಳು ಕೂಗಿದಳು.

“ಕೂತುಕೊಂಡರೆ ಅದು ತಾನೇ ಬಂದ ಹಾಗಾಗುವುದಿಲ್ಲವಲ್ಲೇ!” ಎಂದು ನೆನೆದ ಮುಖದಿಂದ ಉತ್ತರ ಬಂದಿತು. ಶ್ರದ್ಧೆಯೆಂದರೆ ಇದು.

ಹಾಗೆಂದು ಜಗತ್ತು ಒಂದು ಹೆಜ್ಜೆಯನ್ನೂ ಇಟ್ಟಿಲ್ಲವೆನ್ನಲಾಗದು. ಜಪಾನಿನಲ್ಲಿ ಹೋಂಡಾ ಕಂಪನಿಯು 2021ರಲ್ಲಿ, ವಾಹನದಟ್ಟಣೆಯಲ್ಲಿ ಚಾಲಕನು ರಸ್ತೆಯಿಂದ ಕಣ್ಣು ತೆಗೆಯಬಹುದಾದ ಕಾರನ್ನು ಹೊರತಂದಿತು. ಅದೂ ಕೇವಲ 100 ಕಾರುಗಳನ್ನು, ಬಾಡಿಗೆಯ ಕರಾರಿನ ಮೇಲೆ. ಅದೇ ವರ್ಷದ ಡಿಸೆಂಬರಿನಲ್ಲಿ ಜರ್ಮನಿಯು ಮರ್ಸಿಡಿಸ್ ಕಾರಿನ ಅಂಥದೇ ವ್ಯವಸ್ಥೆಗೆ ಒಪ್ಪಿಗೆಯಿತ್ತಿತು. ಆಗ ಅದರ ವೇಗದ ಮಿತಿ ಗಂಟೆಗೆ 60 ಕಿಲೋಮೀಟರು, 2024ರ ಕೊನೆಯಲ್ಲಿ ಅದು 95ಕ್ಕೆ ಏರಿತು. ಕಣ್ಣು ತೆಗೆಯಬಹುದು ನಿಜ, ಆದರೆ ನಿದ್ರಿಸುವಂತಿಲ್ಲ. ಕಾರು ಕರೆದರೆ ಸೆಕೆಂಡುಗಳಲ್ಲಿ ಎಚ್ಚೆತ್ತು ಸ್ಟಿಯರಿಂಗಿಗೆ ಕೈ ಕೊಡಬೇಕು.

ಅಳಿಯಂದಿರು ಕಾಯುತ್ತಿದ್ದ ವಿದ್ಯೆಯಲ್ಲಿಯಾದರೋ ಕಣ್ಣು ತೆಗೆಯುವುದಕ್ಕೂ ಅವಕಾಶವಿಲ್ಲ. ಕಾರು ಓಡುತ್ತದೆ, ಇವರು ಕಾರನ್ನು ಕಾಯಬೇಕು; ಇವರು ಕಾಯುತ್ತಿರುವರೇ ಎಂದು ಒಳಗಿನ ಕ್ಯಾಮೆರಾದಿಂದ ಕಾರು ಇವರನ್ನು ಕಾಯುತ್ತದೆ. ಜನರಿಗಿಂತ ಸೈಕಲ್ಲುಗಳೇ ಹೆಚ್ಚಾಗಿರುವ ಆ ನಾಡಿನಲ್ಲಿ, ಯಾವ ಸಂದಿಯಿಂದಲಾದರೂ ಸೈಕಲ್ಲೊಂದು ನುಗ್ಗಿ ಅನಾಹುತವಾದರೆ, ಉತ್ತರ ಹೇಳಬೇಕಾದವರು ಮಾತ್ರ ಕೈಕಟ್ಟಿ ಕುಳಿತಿದ್ದ ಇವರೇ. ನನಗೆ ತೋರುವ ಮಟ್ಟಿಗೆ, ಇಂಥ ಯಂತ್ರದ ಯೋಗ್ಯತೆಯನ್ನು ಅದು ತಾನಾಗಿ ಓಡಿದ ದೂರದಿಂದ ಅಳೆಯಲಾಗದು. ಅದನ್ನು ಮಾಡಿದವರು ಎಷ್ಟು ದೂರದವರೆಗಿನ ಬೈಗುಳವನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಲು ಒಪ್ಪುವರೆಂಬುದೇ ಅಳತೆಗೋಲು.

ಒಂದು ರಾತ್ರಿ ಈ ಸಿದ್ಧಾಂತವನ್ನು ಅಳಿಯಂದಿರ ಮುಂದೆ ಮಂಡಿಸಿದೆ. ಅವರು ದೀರ್ಘವಾಗಿ ಆಲೋಚಿಸಿ, “ಹಾಗಾದರೆ ಅದು ಬಂದಮೇಲೂ ಹೊಣೆ ನನ್ನದೇ ಅನ್ನುತ್ತೀರಾ, ಮಾವ?” ಎಂದರು.

“ನಿಮ್ಮದೇ. ಆದ್ದರಿಂದ ಸ್ಟಿಯರಿಂಗನ್ನೂ ನೀವೇ ತಿರುಗಿಸುವುದು ಲೇಸು,” ಎಂದೆ. “ಬೈಸಿಕೊಳ್ಳುವುದು ತಪ್ಪದೆಂದ ಮೇಲೆ, ಸ್ವಂತ ತಪ್ಪಿಗೆ ಬೈಸಿಕೊಳ್ಳುವುದರಲ್ಲಿ ಒಂದು ಮರ್ಯಾದೆಯಾದರೂ ಉಂಟು.”