ಹದಿನಾಲ್ಕಕ್ಕೆ ಹದಿನಾಲ್ಕು

ಹೈಸ್ಕೂಲಿನಲ್ಲಿ ನಮ್ಮ ಕೊನೆಯ ಬೆಂಚಿನವನೊಬ್ಬ ಗಣಿತದಲ್ಲಿ ತಪ್ಪದೆ ಸೊನ್ನೆ ತೆಗೆಯುತ್ತಿದ್ದ. ಹನ್ನೆರಡು, ಹದಿನೈದು ತೆಗೆದು ಮಾನವಾಗಿ ಫೇಲಾದ ನಮ್ಮ ಹೆಸರು ಮೇಷ್ಟ್ರಿಗೆ ಮರೆತೇ ಹೋಯಿತು. ಅವನನ್ನು ಮಾತ್ರ ಸಾಯುವತನಕ ವಿಚಾರಿಸುತ್ತಿದ್ದರು. ಈ ನ್ಯಾಯ ಅಮೆರಿಕದಲ್ಲೂ ನಡೆಯುತ್ತದೆಂದು ನನಗೆ ತಿಳಿದದ್ದು ಫ್ಲಾರಿಡಾ ರಾಜ್ಯದ ಟ್ಯಾಂಪಾದಲ್ಲಿರುವ ಸೋದರಳಿಯನ ಮನೆಯ ಟಿವಿ ಮುಂದೆ.

ಅಮೆರಿಕದ ಫುಟ್‌ಬಾಲಿಗೂ ಕಾಲಿಗೂ ಇರುವುದು ದೂರದ ನೆಂಟಸ್ತಿಕೆ, ಯಾವಾಗಲೋ ಮದುವೆ ಮುಂಜಿಗೆ ಮುಖ ತೋರಿಸುವಷ್ಟು. ಎರಡೂ ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದೇ ಹೆಚ್ಚು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ನಾಲ್ಕು ಸಲ ಅಲೆದ ಮೇಲೆ ಒಂದು ಮೇಜು ಮುಂದೆ ಹೋಗುವ ಫೈಲುಗಳನ್ನು ಕಂಡ ನನಗೆ ಇದು ಬೇಗ ಅರ್ಥವಾಯಿತು.

"ನಮ್ಮೂರ ತಂಡ ಹುಟ್ಟಿದ ವರ್ಷದ ಕಥೆ ಕೇಳಬೇಕು ಮಾವ," ಎಂದ ಅಳಿಯ.

1976ರಲ್ಲಿ ಈ ಆಟದ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ಗೆ ಎರಡು ಹೊಸ ತಂಡಗಳು ಬಂದವು: ಸಿಯಾಟಲ್ ಸೀಹಾಕ್ಸ್ ಮತ್ತು ಟ್ಯಾಂಪಾ ಬೇ ಬಕನೀರ್ಸ್. ಹಳೆಯ ತಂಡಗಳು ಬೇಕಾದವರನ್ನು ಇಟ್ಟುಕೊಂಡು, ಉಳಿದವರಲ್ಲಿ ಆರಿಸಿಕೊಳ್ಳಿ ಎಂದವು. ಬೇರೆ ಸಂಸಾರ ಹೂಡುವ ಮಗನಿಗೆ ಅಟ್ಟದ ಮೇಲಿನ ಪಾತ್ರೆ ಕೊಟ್ಟ ಹಾಗೆ. ಒಂದಕ್ಕೆ ಹಿಡಿಯಿಲ್ಲ, ಇನ್ನೊಂದಕ್ಕೆ ತಳವಿಲ್ಲ. ಬಕನೀರ್ ಎಂದರೆ ಕಡಲ್ಗಳ್ಳ. ಆದರೆ ಲಾಂಛನದ ಕಳ್ಳ ಗರಿಯ ಟೋಪಿ ಹಾಕಿ, ಹಲ್ಲಿನಲ್ಲಿ ಬಾಕು ಕಚ್ಚಿ, ಕಣ್ಣು ಹೊಡೆಯುತ್ತಿದ್ದ. ಕಂಪನಿ ನಾಟಕದ ಹಾಸ್ಯಪಾತ್ರವೇ ಸರಿ. ಅಂಥವನಿಗೆ ಯಾರು ಹೆದರುತ್ತಾರೆ?

ಮೊದಲ ಪಂದ್ಯ 20-0 ಸೋಲು. ಎರಡನೆಯದು 23-0. ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಅಂಕ ಗಳಿಸುವ ಟಚ್‌ಡೌನ್ ಮೊದಲ ಸಲ ಬಂದದ್ದು ನಾಲ್ಕನೇ ಪಂದ್ಯದಲ್ಲಿ, ಅದೂ ಅಂಕ ಗಳಿಸಬೇಕಾದವರಿಂದಲ್ಲ. ರಕ್ಷಣಾ ಪಡೆಯ ಡ್ಯಾನಿ ರೀಸ್, ಎದುರಾಳಿಗಳು ಕೈಬಿಟ್ಟ ಚೆಂಡನ್ನು ಎತ್ತಿಕೊಂಡು ಓಡಿದ. ಯಜಮಾನ ಮಲಗಿರಲು ಮನೆಯ ಕಾವಲುಗಾರ ದುಡಿದು ತಂದ ಹಾಗೆ. ಅಕ್ಟೋಬರ್ 17ರಂದು ಎರಡು ಹಸುಗೂಸುಗಳೇ ಎದುರುಬದುರಾದವು. ಟ್ಯಾಂಪಾ ಅಲ್ಲಿಯೂ 13-10ರಿಂದ ಸೋತಿತು. ಕೊನೆಗಳಿಗೆಯಲ್ಲಿ ಸಮ ಮಾಡಬಹುದಾಗಿದ್ದ ಒದೆತವನ್ನು, ಅಪರೂಪಕ್ಕೆ ಕಾಲಿನಿಂದ ಒದ್ದದ್ದನ್ನು, ಸಿಯಾಟಲ್‌ನವರು ಅಡ್ಡಹಾಕಿದರು. ಲೆಕ್ಕ ಮುಗಿದಾಗ ಹದಿನಾಲ್ಕಕ್ಕೆ ಹದಿನಾಲ್ಕೂ ಸೋಲು; ಗಳಿಸಿದ್ದು 125 ಅಂಕ, ಕೊಟ್ಟದ್ದು 412.

ನಾಲ್ಕೇ ವರ್ಷ ಹಿಂದೆ ಅದೇ ಫ್ಲಾರಿಡಾದ ಮಯಾಮಿ ಡಾಲ್ಫಿನ್ಸ್ ತಂಡ ಆಡಿದ 17 ಪಂದ್ಯಗಳನ್ನೂ ಗೆದ್ದಿತ್ತು. ಒಂದೇ ಬೀದಿಯಲ್ಲಿ ರ‍್ಯಾಂಕ್ ಹುಡುಗನೂ ನಮ್ಮ ಸೊನ್ನೆಯವನೂ.

ಕೋಚ್ ಜಾನ್ ಮೆಕೇ ಸಾಮಾನ್ಯರಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟು ಇಲ್ಲಿಗೆ ಬಂದವರು. ತಂಡ ಗೆಲ್ಲದಿದ್ದರೇನು, ಅವರ ನಾಲಗೆ ಗೆಲ್ಲುತ್ತಿತ್ತು. ಎಕ್ಸಿಕ್ಯೂಷನ್ ಎಂದರೆ ಆಟದ ಭಾಷೆಯಲ್ಲಿ ಹೂಡಿದ ತಂತ್ರವನ್ನು ಜಾರಿಗೆ ತರುವುದು. ಜೈಲಿನ ಭಾಷೆಯಲ್ಲಿ ಗಲ್ಲಿಗೇರಿಸುವುದು. ನಿಮ್ಮ ತಂಡದ ಎಕ್ಸಿಕ್ಯೂಷನ್ ಬಗ್ಗೆ ಏನು ಹೇಳುತ್ತೀರಿ ಎಂದು ಪತ್ರಕರ್ತರು ಕೇಳಿದಾಗ, ನನ್ನ ಪೂರ್ಣ ಒಪ್ಪಿಗೆಯಿದೆ ಎಂದರಂತೆ. ಆ ಮಾತು ಅವರದೇ ಹೌದೋ ಎಂದು ತಕರಾರು ತೆಗೆಯಬಹುದು. ಬೀಚಿಯವರ ಹೆಸರಿನಲ್ಲಿ ನಮ್ಮಲ್ಲಿ ಓಡಾಡುವ ನಗೆಮಾತಿಗೆಲ್ಲ ನಾವು ರಸೀತಿ ಕೇಳುತ್ತೇವೆಯೇ?

ಆ ವರ್ಷ ಸಿಯಾಟಲ್ ಎಷ್ಟು ಗೆದ್ದಿತೆಂದು ಅಳಿಯನನ್ನು ಕೇಳಿದೆ. ತಲೆ ಕೆರೆದುಕೊಂಡು ಮೊಬೈಲ್ ನೋಡಿದ. ಎರಡಂತೆ. ಪಾಪ, ನಮ್ಮ ಬೆಂಚಿನವರು!

ಟ್ಯಾಂಪಾದ ಸೋಲು ಮರುವರ್ಷಕ್ಕೂ ಹರಿದು ಸತತ 26 ಆಯಿತು. ಕೊನೆಗೆ 1977ರ ಡಿಸೆಂಬರ್ 11ರಂದು ನ್ಯೂ ಆರ್ಲಿಯನ್ಸ್‌ನಲ್ಲಿ 33-14ರ ಗೆಲುವು. ಕಡಲ್ಗಳ್ಳರು ಕೊನೆಗೂ ಕಳ್ಳತನ ಕಲಿತಿದ್ದರು: ಎದುರಾಳಿಗಳು ಎಸೆದ ಚೆಂಡನ್ನು ನಡುವೆಯೇ ಕಸಿದು ಮೂರು ಟಚ್‌ಡೌನ್. ಟ್ಯಾಂಪಾದಲ್ಲಿ ಸಾವಿರಾರು ಜನ ಎದುರುಗೊಂಡು ಕುಣಿದರು.

ಆ ಗದ್ದಲದಲ್ಲಿ ನ್ಯೂ ಆರ್ಲಿಯನ್ಸ್‌ನ ಕೋಚ್ ಹ್ಯಾಂಕ್ ಸ್ಟ್ರಾಮ್ ಯಾರಿಗೂ ನೆನಪಾಗಲಿಲ್ಲ. ಹಿಂದೆ ಕಾನ್ಸಾಸ್ ಸಿಟಿ ತಂಡಕ್ಕೆ ಈ ಆಟದ ಕಿರೀಟವಾದ ಸೂಪರ್ ಬೌಲ್ ಗೆದ್ದುಕೊಟ್ಟಿದ್ದ ಮನುಷ್ಯ. ಸೀಸನ್ ಮುಗಿದ ಮೇಲೆ ಅವರನ್ನು ಮನೆಗೆ ಕಳಿಸಿದರು.